ಗ್ರಾಮ ಪಂಚಾಯಿತಿ ಕಚೇರಿಗೆ ಅಂತರ್ಜಾಲ ದೂರವಾಣಿ: ಸದಸ್ಯರು ತಿಳಿದಿರಬೇಕಾದ ಅಂಶಗಳು

ಕೊಳವೆಬಾವಿಯ ಮೋಟಾರು ಸುಟ್ಟಾಗ, ಬೀದಿದೀಪ ಕೆಟ್ಟಾಗ, ಮಳೆಗೆ ಮನೆಯ ಗೋಡೆ ಕುಸಿದಾಗ ಗ್ರಾಮಸ್ಥರು ಮೊದಲು ನೆನೆಯುವುದು ಗ್ರಾಮ ಪಂಚಾಯಿತಿ ಕಚೇರಿಯನ್ನು. ಆದರೆ ಅನೇಕ ಕಚೇರಿಗಳಲ್ಲಿ ತಾಮ್ರದ ತಂತಿಯ ಹಳೆಯ ದೂರವಾಣಿ ಎಂದೋ ಸ್ಥಗಿತಗೊಂಡಿದೆ. ಗೋಡೆಯ ಮೇಲೆ ಬರೆಸಿರುವ ಸಂಖ್ಯೆ ಅಭಿವೃದ್ಧಿ ಅಧಿಕಾರಿಯದೋ, ಕಾರ್ಯದರ್ಶಿಯದೋ, ಕರವಸೂಲಿಗಾರರದೋ ಸ್ವಂತ ಮೊಬೈಲಿನದಾಗಿರುತ್ತದೆ. ಅವರು ವರ್ಗಾವಣೆಯಾದ ಮೇಲೆ ಗ್ರಾಮಸ್ಥರ ಕರೆಗಳು ಬೇರೊಂದು ತಾಲ್ಲೂಕಿನಲ್ಲಿ ಕೆಲಸ ಮಾಡುತ್ತಿರುವವರಿಗೆ ಹೋಗುತ್ತವೆ. ಹೊಸದಾಗಿ ಬಂದವರ ಸಂಖ್ಯೆ ಊರಿಗೆಲ್ಲ ತಿಳಿಯುವಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ.

ಪಂಚಾಯಿತಿಗೆ ಫೈಬರ್ ಅಂತರ್ಜಾಲ ಸಂಪರ್ಕವಿದ್ದರೆ ಈ ಕೊರತೆಯನ್ನು ಕಡಿಮೆ ವೆಚ್ಚದಲ್ಲಿ ನೀಗಿಸಬಹುದು. ಅದೇ ಸಂಪರ್ಕದ ಮೇಲೆ ಕಚೇರಿಯ ಹೆಸರಿನಲ್ಲಿಯೇ ಒಂದು ಸ್ಥಿರ ದೂರವಾಣಿ ಸಂಖ್ಯೆಯನ್ನು ಪಡೆಯಲು ಸಾಧ್ಯವಿದೆ. ಉಪಕರಣಗಳ ಖರೀದಿ ಈ ಕೆಲಸದ ಸುಲಭವಾದ ಭಾಗ. ಸಂಖ್ಯೆಯನ್ನು ಕಚೇರಿಯ ಸ್ವತ್ತಾಗಿ ಉಳಿಸಿಕೊಳ್ಳುವುದು ಮತ್ತು ವಿದ್ಯುತ್ ಹೋದಾಗಲೂ ಕರೆ ಯಾರಿಗಾದರೂ ತಲುಪುವಂತೆ ನೋಡಿಕೊಳ್ಳುವುದು ಕಷ್ಟದ ಭಾಗ. ಈ ಎರಡನ್ನೂ ತಂತ್ರಜ್ಞರಿಗೆ ಬಿಡದೆ ಸಾಮಾನ್ಯ ಸಭೆಯೇ ತೀರ್ಮಾನಿಸಬೇಕಾಗುತ್ತದೆ. ಅದಕ್ಕೆ ನೆರವಾಗುವ ವಿವರಗಳನ್ನು ಇಲ್ಲಿ ನೀಡಲಾಗಿದೆ.

1. ಅಂತರ್ಜಾಲ ದೂರವಾಣಿ ಕೆಲಸ ಮಾಡುವ ಬಗೆ

ಹಳೆಯ ದೂರವಾಣಿಯಲ್ಲಿ ಮಾತು ತಾಮ್ರದ ತಂತಿಯ ಮೇಲೆ ವಿದ್ಯುತ್ ಅಲೆಯಾಗಿ ಹರಿಯುತ್ತಿತ್ತು. ಅಂತರ್ಜಾಲ ದೂರವಾಣಿಯಲ್ಲಿ ಮಾತು ಅಂಕಿಗಳಾಗಿ ಮಾರ್ಪಡುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಜಿ.711 ಎಂಬ ಪದ್ಧತಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ದಾಖಲಿಸಲಾಗುತ್ತದೆ. ಹೀಗೆ ದೊರೆತ ಸೆಕೆಂಡಿಗೆ 64,000 ಬಿಟ್‌ಗಳನ್ನು 20 ಮಿಲಿಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ವಿಳಾಸವನ್ನು ಸೇರಿಸಿ, ಅಂಚೆಯ ಲಕೋಟೆಗಳಂತೆ ಒಂದರ ಹಿಂದೆ ಒಂದನ್ನು ಕಳುಹಿಸಲಾಗುತ್ತದೆ. ಸೆಕೆಂಡಿಗೆ ಇಂತಹ 50 ಲಕೋಟೆಗಳು ಹೋಗುತ್ತವೆ, ಅಷ್ಟೇ ಲಕೋಟೆಗಳು ಎದುರಿನಿಂದ ಬರುತ್ತವೆ.

ಕರೆಯನ್ನು ಜೋಡಿಸುವ ಕೆಲಸವನ್ನು ಸಿಪ್ ಎಂಬ ನಿಯಮಾವಳಿ ನಿರ್ವಹಿಸುತ್ತದೆ. ಕಚೇರಿಯಲ್ಲಿರುವ ಉಪಕರಣವು ಒಂದು ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್‌ನೊಡನೆ ಸೇವಾದಾರರ ಸರ್ವರ್‌ನಲ್ಲಿ ಆಗಾಗ ನೋಂದಾಯಿಸಿಕೊಳ್ಳುತ್ತಿರುತ್ತದೆ. ಕರೆ ಬಂದಾಗ ಸರ್ವರ್ ಹಾಗೆ ನೋಂದಾಯಿತವಾದ ಉಪಕರಣಕ್ಕೆ ಗಂಟೆ ಬಾರಿಸುತ್ತದೆ. ಸದಸ್ಯರು ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹಳೆಯ ಪದ್ಧತಿಯಲ್ಲಿ ಸಂಖ್ಯೆ ಕಚೇರಿಗೆ ಎಳೆದ ತಂತಿಗೆ ಅಂಟಿಕೊಂಡಿತ್ತು. ಹೊಸ ಪದ್ಧತಿಯಲ್ಲಿ ಅದು ಒಂದು ಖಾತೆಗೆ ಅಂಟಿಕೊಂಡಿದೆ. ಖಾತೆ ಯಾರ ಹೆಸರಿನಲ್ಲಿದೆಯೋ, ಅದರ ಪಾಸ್‌ವರ್ಡ್ ಯಾರ ಕೈಯಲ್ಲಿದೆಯೋ, ಸಂಖ್ಯೆಯೂ ಅವರ ಹಿಡಿತದಲ್ಲಿರುತ್ತದೆ.

ಕರೆ ಮಾಡುವ ಗ್ರಾಮಸ್ಥರಿಗೆ ಈ ಬದಲಾವಣೆ ಕಾಣಿಸುವುದಿಲ್ಲ. ಅವರು ಕೀಪ್ಯಾಡ್ ಮೊಬೈಲಿನಿಂದಲೂ ಎಸ್‌ಟಿಡಿ ಕೋಡ್ ಸಹಿತ ಸಂಖ್ಯೆಯನ್ನು ಒತ್ತಿ ಎಂದಿನಂತೆ ಮಾತನಾಡಬಹುದು. ವಾಟ್ಸ್ಆ್ಯಪ್ ಕರೆಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ವಾಟ್ಸ್ಆ್ಯಪ್‌ಗೆ ಎರಡೂ ಕಡೆ ಸ್ಮಾರ್ಟ್‌ಫೋನ್ ಮತ್ತು ಡೇಟಾ ಬೇಕು. ಪಿಂಚಣಿಯ ವಿಷಯ ಕೇಳಲು ಕರೆ ಮಾಡುವ ವೃದ್ಧೆಯ ಬಳಿ ಅವೆರಡೂ ಇರಬೇಕೆಂದು ಪಂಚಾಯಿತಿ ನಿರೀಕ್ಷಿಸಲಾಗದು.

2. ವೇಗಕ್ಕಿಂತ ಸ್ಥಿರತೆ ಮುಖ್ಯ

ದೂರವಾಣಿಗೆ ಅತಿ ವೇಗದ ಅಂತರ್ಜಾಲ ಬೇಕೆಂಬ ನಂಬಿಕೆ ಸಾಮಾನ್ಯವಾಗಿದೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ವಿಳಾಸದ ಭಾರವೂ ಸೇರಿ ಒಂದು ಕರೆಗೆ ಪ್ರತಿ ದಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು 90 ಕಿಲೋಬಿಟ್ ಬೇಕಾಗುತ್ತದೆ. ಏಕಕಾಲದಲ್ಲಿ ಐದು ಕರೆಗಳು ನಡೆದರೂ ಅರ್ಧ ಮೆಗಾಬಿಟ್ ಸಾಕು. ದೂರವಾಣಿಗೆಂದೇ ದುಬಾರಿ ಯೋಜನೆಗೆ ಬದಲಾಯಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ತೊಂದರೆ ಬರುವುದು ಲಕೋಟೆಗಳು ತಡವಾದಾಗ, ಅಥವಾ ದಾರಿಯಲ್ಲಿ ಕಳೆದುಹೋದಾಗ. ಮಾತು ಒಂದು ತುದಿಯಿಂದ ಇನ್ನೊಂದು ತುದಿಗೆ ತಲುಪಲು 150 ಮಿಲಿಸೆಕೆಂಡ್‌ಗಿಂತ ಕಡಿಮೆ ಸಮಯ ತೆಗೆದುಕೊಂಡರೆ ಸಂಭಾಷಣೆ ಸಹಜವಾಗಿರುತ್ತದೆ ಎಂಬುದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡ. ಅದಕ್ಕಿಂತ ಬಹಳ ಹೆಚ್ಚಾದರೆ ಇಬ್ಬರೂ ಒಟ್ಟಿಗೆ ಮಾತನಾಡಿ, ಒಟ್ಟಿಗೆ ನಿಲ್ಲಿಸುವಂತಾಗುತ್ತದೆ. ಲಕೋಟೆಗಳ ನಷ್ಟ ಶೇಕಡಾ 1ರ ಒಳಗಿರುವುದು ಒಳ್ಳೆಯದು.

ಕಚೇರಿಯಲ್ಲಿ ಇಂತಹ ತಡೆ ಉಂಟಾಗುವುದು ಬಹುಮಟ್ಟಿಗೆ ಅಪ್‌ಲೋಡ್‌ನಿಂದ. ಕಾಮಗಾರಿಯ ಛಾಯಾಚಿತ್ರಗಳನ್ನು ಒಬ್ಬರು ಏರಿಸುತ್ತಿರುವಾಗ, ಇನ್ನೊಂದು ಕಂಪ್ಯೂಟರ್ ತನ್ನಷ್ಟಕ್ಕೆ ಕಡತಗಳ ಪ್ರತಿಯನ್ನು ಕಳುಹಿಸುತ್ತಿದ್ದರೆ, ದೂರವಾಣಿಯ ಸಣ್ಣ ಲಕೋಟೆಗಳು ಆ ದೊಡ್ಡ ಮೂಟೆಗಳ ಹಿಂದೆ ಸರದಿಯಲ್ಲಿ ನಿಲ್ಲಬೇಕಾಗುತ್ತದೆ. ಆಗ ಮಾತು ತುಂಡುತುಂಡಾಗಿ ಕೇಳಿಸುತ್ತದೆ. ಧ್ವನಿಗೆ ಮೊದಲ ಆದ್ಯತೆ ನೀಡುವ ಕ್ಯೂಒಎಸ್ ಎಂಬ ವ್ಯವಸ್ಥೆ ಅನೇಕ ರೌಟರ್‌ಗಳಲ್ಲಿದೆ. ಅಳವಡಿಸಲು ಬಂದ ತಂತ್ರಜ್ಞರಿಂದ ಅದನ್ನು ಅಂದೇ ಹೊಂದಿಸಿಕೊಳ್ಳಬೇಕು. ದೂರವಾಣಿಯನ್ನು ವೈಫೈ ಬದಲು ಕೇಬಲ್ ಮೂಲಕ ಜೋಡಿಸುವುದೂ ಉತ್ತಮ.

3. ಆಯ್ಕೆಗೆ ಇರುವ ಮೂರು ವಿಧಾನಗಳು

ಮೊದಲನೆಯದು: ಫೈಬರ್ ಪೆಟ್ಟಿಗೆಯ ದೂರವಾಣಿ ಕಿಂಡಿ. ಫೈಬರ್ ಬಂದು ಸೇರುವ ಪೆಟ್ಟಿಗೆಗೆ ಒಎನ್‌ಟಿ ಎಂದು ಹೆಸರು. ಅನೇಕ ಪೆಟ್ಟಿಗೆಗಳಲ್ಲಿ ಸಾಧಾರಣ ದೂರವಾಣಿಯ ತಂತಿಯನ್ನು ಸಿಕ್ಕಿಸುವ ಕಿಂಡಿ ಇರುತ್ತದೆ. ಸೇವಾದಾರರು ತಮ್ಮ ಕಡೆಯಿಂದ ಸಂಖ್ಯೆಯನ್ನು ಚಾಲನೆಗೊಳಿಸಿದರೆ ಹಳೆಯ ಉಪಕರಣವನ್ನೇ ಅದಕ್ಕೆ ಜೋಡಿಸಬಹುದು. ಭಾರತ್ ಸಂಚಾರ್ ನಿಗಮದ ಫೈಬರ್ ಸಂಪರ್ಕದೊಡನೆ ಈ ರೀತಿಯ ಸ್ಥಿರ ದೂರವಾಣಿ ದೊರೆಯುತ್ತದೆ. ಕಚೇರಿಗೆ ಮೊದಲು ತಾಮ್ರದ ತಂತಿಯ ದೂರವಾಣಿ ಇದ್ದು ಆ ಸಂಖ್ಯೆ ಜನರಿಗೆ ಪರಿಚಿತವಾಗಿದ್ದರೆ, ಅದೇ ಸಂಖ್ಯೆಯನ್ನು ಫೈಬರ್‌ಗೆ ವರ್ಗಾಯಿಸಲು ಸಾಧ್ಯವೇ ಎಂದು ಎಲ್ಲಕ್ಕಿಂತ ಮೊದಲು ವಿಚಾರಿಸಬೇಕು.

ಎರಡನೆಯದು: ಸೇವಾದಾರರ ಸರ್ವರ್‌ನಲ್ಲಿರುವ ವಿನಿಮಯ ವ್ಯವಸ್ಥೆ. ಇದನ್ನು ಕ್ಲೌಡ್ ಪಿಬಿಎಕ್ಸ್ ಎನ್ನುತ್ತಾರೆ. ಕಚೇರಿಯಲ್ಲಿ ಐಪಿ ಫೋನ್‌ಗಳು ಮಾತ್ರ ಇರುತ್ತವೆ. ‘ನೀರಿನ ದೂರಿಗೆ 1 ಒತ್ತಿ, ತೆರಿಗೆಗೆ 2 ಒತ್ತಿ’ ಎಂಬಂತಹ ಧ್ವನಿ ಸೂಚನೆಗಳನ್ನು ಅಳವಡಿಸಬಹುದು. ಪ್ರತಿ ಫೋನಿಗೂ ಮಾಸಿಕ ಶುಲ್ಕವಿರುವುದು ಸಾಮಾನ್ಯ. ಅಂತರ್ಜಾಲ ನಿಂತರೆ ಒಂದು ಕೊಠಡಿಯಿಂದ ಇನ್ನೊಂದು ಕೊಠಡಿಗೂ ಕರೆ ಹೋಗದಿರಬಹುದು.

ಮೂರನೆಯದು: ಕಚೇರಿಯಲ್ಲಿಯೇ ಸ್ವಂತ ವಿನಿಮಯ ಕೇಂದ್ರ. ಆಸ್ಟೆರಿಸ್ಕ್ ಎಂಬ ಮುಕ್ತ ತಂತ್ರಾಂಶ 1999ರಿಂದ ಅಭಿವೃದ್ಧಿಗೊಂಡು ಬಂದಿದ್ದು, ಅದನ್ನು ಒಂದು ಸಣ್ಣ ಕಂಪ್ಯೂಟರಿನಲ್ಲಿ ಉಚಿತವಾಗಿ ಅಳವಡಿಸಬಹುದು. ಅಂತರ್ಜಾಲ ನಿಂತರೂ ಕಚೇರಿಯೊಳಗಿನ ಕರೆಗಳು ನಡೆಯುತ್ತವೆ. ಆದರೆ ಅದನ್ನು ನೋಡಿಕೊಳ್ಳಬಲ್ಲವರು ಒಬ್ಬರು ಸದಾ ಬೇಕು. ತಂತ್ರಾಂಶ ಉಚಿತವಾದರೂ ನಿರ್ವಹಣೆ ಉಚಿತವಲ್ಲ. ಅದನ್ನು ಬಲ್ಲ ಸಿಬ್ಬಂದಿ ವರ್ಗಾವಣೆಯಾದರೆ ವ್ಯವಸ್ಥೆ ಮೂಲೆ ಸೇರುವ ಸಂಭವ ಹೆಚ್ಚು.

ಐದಾರು ಸಿಬ್ಬಂದಿಯಿರುವ ಗ್ರಾಮ ಪಂಚಾಯಿತಿಗೆ ಮೊದಲನೆಯ ವಿಧಾನವೇ ಸಾಕು. ಎರಡು ಮೂರು ಕೊಠಡಿಗಳಲ್ಲಿ ಗಂಟೆ ಕೇಳಿಸಬೇಕಾದರೆ ಅದಕ್ಕೆ ಒಂದು ಕಾರ್ಡ್‌ಲೆಸ್ ಫೋನನ್ನೋ ಚಿಕ್ಕ ಇಪಿಎಬಿಎಕ್ಸ್ ಪೆಟ್ಟಿಗೆಯನ್ನೋ ಸೇರಿಸಬಹುದು. ಒಂದೇ ಆವರಣದಲ್ಲಿ ಬಾಪೂಜಿ ಸೇವಾ ಕೇಂದ್ರ, ಗ್ರಂಥಾಲಯ ಮತ್ತು ಸಭಾಂಗಣಗಳಿದ್ದು ದಿನವಿಡೀ ಕರೆಗಳು ಬರುವ ದೊಡ್ಡ ಪಂಚಾಯಿತಿಗಳು ಎರಡನೆಯದನ್ನು ಪರಿಶೀಲಿಸಬಹುದು.

4. ವಿದ್ಯುತ್ ಹೋದಾಗ

ತಾಮ್ರದ ತಂತಿಯ ದೂರವಾಣಿಗೆ ಬೇಕಾದ 48 ವೋಲ್ಟ್ ವಿದ್ಯುತ್ ದೂರವಾಣಿ ವಿನಿಮಯ ಕೇಂದ್ರದ ಬ್ಯಾಟರಿಗಳಿಂದ ಅದೇ ತಂತಿಯ ಮೂಲಕ ಬರುತ್ತಿತ್ತು. ಆದ್ದರಿಂದ ಊರೆಲ್ಲ ಕತ್ತಲಾದರೂ ದೂರವಾಣಿ ಕೆಲಸ ಮಾಡುತ್ತಿತ್ತು. ಫೈಬರ್ ಎಂಬುದು ಗಾಜಿನ ಎಳೆ. ಅದು ಬೆಳಕನ್ನು ಒಯ್ಯುತ್ತದೆ, ವಿದ್ಯುತ್ತನ್ನು ಒಯ್ಯುವುದಿಲ್ಲ. ಕಚೇರಿಯಲ್ಲಿ ವಿದ್ಯುತ್ ಹೋದೊಡನೆ ಫೈಬರ್ ಪೆಟ್ಟಿಗೆ ಆರುತ್ತದೆ, ದೂರವಾಣಿಯೂ ಆರುತ್ತದೆ. ಗಾಳಿ ಮಳೆಗೆ ಕಂಬಗಳು ಉರುಳಿ, ಜನರಿಗೆ ಪಂಚಾಯಿತಿಯ ನೆರವು ತೀರಾ ಅಗತ್ಯವಾಗುವ ದಿನವೇ ಹೀಗಾಗುವ ಸಂಭವ ಹೆಚ್ಚು. ಉಪಕರಣಗಳ ಪಟ್ಟಿ ಮಾಡುವ ಮೊದಲು ಬ್ಯಾಟರಿಯ ಲೆಕ್ಕ ಹಾಕಬೇಕೆನ್ನುವುದು ಇದಕ್ಕಾಗಿ.

ಉದಾಹರಣೆಗೆ, ಫೈಬರ್ ಪೆಟ್ಟಿಗೆ 12 ವ್ಯಾಟ್, ರೌಟರ್ 10 ವ್ಯಾಟ್, ಸ್ವಿಚ್ 8 ವ್ಯಾಟ್, ಎರಡು ಐಪಿ ಫೋನ್‌ಗಳು ತಲಾ 5 ವ್ಯಾಟ್ ಬಳಸುತ್ತವೆ ಎಂದುಕೊಂಡರೆ ಒಟ್ಟು 40 ವ್ಯಾಟ್ ಆಗುತ್ತದೆ. ಕಂಪ್ಯೂಟರಿನ ಪಕ್ಕದಲ್ಲಿಡುವ ಸಾಧಾರಣ ಯುಪಿಎಸ್‌ನಲ್ಲಿ 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿ ಇರುತ್ತದೆ. ಕಾಗದದ ಮೇಲೆ ಅದರ ಶಕ್ತಿ 84 ವ್ಯಾಟ್-ಗಂಟೆ. ಪರಿವರ್ತನೆಯ ನಷ್ಟಗಳನ್ನು ಕಳೆದರೆ ಕೈಗೆ ಸಿಗುವುದು 50 ವ್ಯಾಟ್-ಗಂಟೆಯ ಆಸುಪಾಸು. ಅಂದರೆ 40 ವ್ಯಾಟ್‌ನ ಈ ಉಪಕರಣಗಳು ಒಂದು ಗಂಟೆಯಷ್ಟು ಮಾತ್ರ ನಡೆಯುತ್ತವೆ. ಅದೇ ಯುಪಿಎಸ್‌ಗೆ ಒಂದು ಕಂಪ್ಯೂಟರನ್ನೂ ಸೇರಿಸಿದರೆ ಅರ್ಧ ಗಂಟೆಯೂ ಬಾರದು. ಬ್ಯಾಟರಿ ಎರಡು ಮೂರು ವರ್ಷ ಹಳೆಯದಾಗಿದ್ದರೆ ಇನ್ನೂ ಕಡಿಮೆ.

ಕಚೇರಿಯಲ್ಲಿ 12 ವೋಲ್ಟ್, 150 ಆಂಪಿಯರ್-ಗಂಟೆಯ ಇನ್ವರ್ಟರ್ ಬ್ಯಾಟರಿ ಇದ್ದರೆ ಅದರ ಶಕ್ತಿ 1,800 ವ್ಯಾಟ್-ಗಂಟೆ. ಅರ್ಧವನ್ನಷ್ಟೇ ಲೆಕ್ಕಕ್ಕೆ ಹಿಡಿದು, ಇನ್ವರ್ಟರ್ ತಾನೇ ಬಳಸುವ ವಿದ್ಯುತ್ತನ್ನು ಸೇರಿಸಿಕೊಂಡರೂ, ಬೇರೆ ಹೊರೆ ಇಲ್ಲದಿದ್ದರೆ ಇದೇ ಉಪಕರಣಗಳು ಹತ್ತು ಗಂಟೆಗೂ ಹೆಚ್ಚು ಕಾಲ ನಡೆಯುತ್ತವೆ. ಫೈಬರ್ ಪೆಟ್ಟಿಗೆ ಮತ್ತು ಸಾಧಾರಣ ದೂರವಾಣಿ ಮಾತ್ರ ಇರುವ ಮೊದಲನೆಯ ವಿಧಾನದಲ್ಲಿ ಚಿಕ್ಕ ಯುಪಿಎಸ್ ಕೂಡ ಮೂರು ನಾಲ್ಕು ಗಂಟೆ ಬಾಳುತ್ತದೆ. ರೌಟರ್‌ಗಳಿಗೆಂದೇ ತಯಾರಾದ 12 ವೋಲ್ಟ್‌ನ ಪುಟ್ಟ ಯುಪಿಎಸ್‌ಗಳೂ ಮಾರುಕಟ್ಟೆಯಲ್ಲಿವೆ.

ಈ ಸಂಬಂಧ ಪಾಲಿಸಬೇಕಾದ ನಿಯಮಗಳು ಮೂರು:

(ಅ) ದೂರವಾಣಿಯ ಬ್ಯಾಟರಿಗೆ ಲೇಸರ್ ಪ್ರಿಂಟರ್, ಫ್ಯಾನ್, ಜೆರಾಕ್ಸ್ ಯಂತ್ರಗಳನ್ನು ಜೋಡಿಸಬಾರದು. ಪ್ರಿಂಟರ್ ಬಿಸಿಯಾಗುವಾಗ ನೂರಾರು ವ್ಯಾಟ್ ಎಳೆಯುತ್ತದೆ.

(ಆ) ಸಂಜೆ ಕಚೇರಿ ಮುಚ್ಚುವಾಗ ಮೇನ್ ಸ್ವಿಚ್ ಆರಿಸುವ ರೂಢಿಯಿದ್ದರೆ ಫೈಬರ್ ಪೆಟ್ಟಿಗೆಗೆ ಪ್ರತ್ಯೇಕ ಸಂಪರ್ಕ ಕೊಡಿಸಬೇಕು. ಇಲ್ಲವಾದರೆ ರಾತ್ರಿಯಿಡೀ ದೂರವಾಣಿ ಸತ್ತಿರುತ್ತದೆ.

(ಇ) ಸಿಡಿಲಿನ ಹೊಡೆತ ಸಾಮಾನ್ಯವಾಗಿ ವಿದ್ಯುತ್ ತಂತಿಯ ಮೂಲಕ, ಅಥವಾ ಕಟ್ಟಡದಿಂದ ಕಟ್ಟಡಕ್ಕೆ ಎಳೆದ ತಾಮ್ರದ ಕೇಬಲ್ ಮೂಲಕ ಒಳಬರುತ್ತದೆ. ಅರ್ತಿಂಗ್ ಸರಿಯಿದೆಯೇ ಎಂದು ಮಳೆಗಾಲಕ್ಕೆ ಮುನ್ನ ಪರೀಕ್ಷಿಸಿಸಬೇಕು.

5. ಫೈಬರ್ ತುಂಡಾದಾಗ

ರಸ್ತೆ ಅಗಲೀಕರಣ, ಚರಂಡಿ ಕಾಮಗಾರಿ, ಕುಡಿಯುವ ನೀರಿನ ಪೈಪ್‌ಲೈನ್ ಅಗೆತ ಇವುಗಳಲ್ಲಿ ಜೆಸಿಬಿ ಯಂತ್ರದ ಹಲ್ಲಿಗೆ ಸಿಕ್ಕಿ ನೆಲದೊಳಗಿನ ಫೈಬರ್ ತುಂಡಾಗುವುದು ಎಲ್ಲರಿಗೂ ತಿಳಿದ ಸಂಗತಿ. ಈ ಕಾಮಗಾರಿಗಳಲ್ಲಿ ಕೆಲವು ಪಂಚಾಯಿತಿಯದೇ ಆಗಿರುತ್ತವೆ, ಉಳಿದವು ಪಂಚಾಯಿತಿಯ ಗಮನಕ್ಕೆ ಬಂದೇ ನಡೆಯುತ್ತವೆ. ಅಗೆಯುವ ಮೊದಲು ಭೂಗತ ಕೇಬಲ್‌ಗಳ ಮಾಲೀಕರಿಗೆ ಸೂಚನೆ ನೀಡಲು ಕೇಂದ್ರ ಸರ್ಕಾರವು 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಆರಂಭಿಸಿದೆ. ಗುತ್ತಿಗೆದಾರರಿಗೆ ಕಾರ್ಯಾದೇಶ ನೀಡುವಾಗಲೇ ಅದರಲ್ಲಿ ಮಾಹಿತಿ ನೀಡುವ ಷರತ್ತನ್ನು ಸೇರಿಸಿದರೆ ಪಂಚಾಯಿತಿಯು ತನ್ನ ದೂರವಾಣಿಯನ್ನು ತಾನೇ ಕತ್ತರಿಸಿಕೊಳ್ಳುವುದು ತಪ್ಪುತ್ತದೆ.

ಎಷ್ಟೇ ಎಚ್ಚರ ವಹಿಸಿದರೂ ಕೆಲವು ದಿನ ಸಂಪರ್ಕ ಇಲ್ಲದಿರಬಹುದು. ಆಗ ನೆರವಿಗೆ ಬರುವುದು ಕಾಲ್ ಫಾರ್ವರ್ಡ್ ಸೌಲಭ್ಯ. ಕಚೇರಿಯ ಉಪಕರಣ ಉತ್ತರಿಸದಿದ್ದಾಗ, ಅಥವಾ ನೋಂದಣಿಯಲ್ಲೇ ಇಲ್ಲದಿದ್ದಾಗ, ಕರೆಯು ನಿಗದಿತ ಮೊಬೈಲಿಗೆ ಹೋಗುವಂತೆ ಮಾಡಬಹುದು. ಈ ಸೂಚನೆ ಸೇವಾದಾರರ ಸರ್ವರ್‌ನಲ್ಲಿ ದಾಖಲಾಗಿರಬೇಕು. ಕಚೇರಿಯ ಉಪಕರಣದಲ್ಲಿ ಮಾತ್ರ ದಾಖಲಿಸಿದ್ದರೆ, ವಿದ್ಯುತ್ ಹೋದಾಗ ಆ ಉಪಕರಣದೊಡನೆ ಸೂಚನೆಯೂ ನಿಷ್ಪ್ರಯೋಜಕವಾಗುತ್ತದೆ. ನಿಗದಿತ ಮೊಬೈಲ್ ಯಾವುದು, ಯಾವ ವಾರ ಅದು ಯಾರ ಬಳಿ ಇರಬೇಕು ಎಂಬುದನ್ನು ಕಚೇರಿ ಆದೇಶದ ಮೂಲಕ ಗೊತ್ತುಪಡಿಸಬೇಕು. ನೀರುಗಂಟಿಯೊಬ್ಬರ ಮೇಲೆಯೇ ಇಡೀ ವರ್ಷದ ರಾತ್ರಿ ಕರೆಗಳನ್ನು ಹೊರಿಸುವುದು ನ್ಯಾಯವಲ್ಲ.

6. ಸಂಖ್ಯೆ ಕಚೇರಿಯ ಸ್ವತ್ತಾಗಿ ಉಳಿಯಬೇಕು

ಸಂಪರ್ಕ ಬೇಗ ಸಿಗಲೆಂದು ಸಿಬ್ಬಂದಿಯೊಬ್ಬರ ಆಧಾರ್ ಪ್ರತಿ ನೀಡಿ ಅರ್ಜಿ ಸಲ್ಲಿಸಿದರೆ, ಕಾಗದದ ಮೇಲೆ ಗ್ರಾಹಕರು ಆ ಸಿಬ್ಬಂದಿಯೇ ಆಗುತ್ತಾರೆ. ಮುಂದೆ ದೂರು ದಾಖಲಿಸಲು ಬರುವ ಒಟಿಪಿ ಕೂಡ ಅವರ ಮೊಬೈಲಿಗೇ ಹೋಗುತ್ತದೆ. ಗೋಡೆಬರಹದ ಹಳೆಯ ಸಮಸ್ಯೆ ಹೊಸ ಉಪಕರಣದೊಡನೆ ಮರಳಿ ಬಂದಂತಾಗುತ್ತದೆ. ಆದ್ದರಿಂದ:

(ಅ) ಅರ್ಜಿ, ಬಿಲ್ ಮತ್ತು ಖಾತೆ ಮೂರೂ ಗ್ರಾಮ ಪಂಚಾಯಿತಿಯ ಹೆಸರಿನಲ್ಲಿರಬೇಕು. ಖಾತೆಗೆ ಕಚೇರಿಯ ಅಧಿಕೃತ ಇಮೇಲ್ ಮತ್ತು ಕಚೇರಿಯ ಮೊಬೈಲ್ ಸಂಖ್ಯೆಯನ್ನು ನೀಡಬೇಕು.

(ಆ) ಖಾತೆಯ ಸಂಖ್ಯೆ, ರೌಟರ್‌ನ ಪಾಸ್‌ವರ್ಡ್, ಸಿಪ್ ಖಾತೆಯ ವಿವರಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿಟ್ಟು ಕಚೇರಿಯ ಬೀರುವಿನಲ್ಲಿ ಭದ್ರಪಡಿಸಬೇಕು.

(ಇ) ಪ್ರಭಾರ ಹಸ್ತಾಂತರ ಪಟ್ಟಿಯಲ್ಲಿ ನಗದು ಪುಸ್ತಕ, ಚೆಕ್ ಪುಸ್ತಕಗಳ ಜೊತೆಗೆ ಈ ಲಕೋಟೆಯನ್ನೂ ನಮೂದಿಸಬೇಕು. ಹೊಸದಾಗಿ ಬಂದವರು ಪಾಸ್‌ವರ್ಡ್‌ಗಳನ್ನು ಅಂದೇ ಬದಲಾಯಿಸಬೇಕು.

(ಈ) ಬಿಲ್ ಪಾವತಿಯ ಕೊನೆಯ ದಿನಾಂಕವನ್ನು ಪಾವತಿ ವಹಿಯಲ್ಲಿ ಗುರುತಿಸಿಡಬೇಕು. ಬಿಲ್ ಬಾಕಿಯಿಂದ ಸಂಖ್ಯೆ ರದ್ದಾದರೆ ಊರಿನವರೆಲ್ಲರ ಮೊಬೈಲಿನಲ್ಲಿ ಉಳಿಯುವುದು ಸತ್ತ ಸಂಖ್ಯೆ.

7. ಕಾನೂನು ಮತ್ತು ಭದ್ರತೆ

ಅಂತರ್ಜಾಲದ ಕರೆಯನ್ನು ಸಾಧಾರಣ ದೂರವಾಣಿ ಜಾಲಕ್ಕೆ ಜೋಡಿಸುವ ಅಧಿಕಾರ ಪರವಾನಗಿ ಪಡೆದ ಸೇವಾದಾರರಿಗೆ ಮಾತ್ರ ಇದೆ. ದೂರಸಂಪರ್ಕ ಇಲಾಖೆಯು 2018ರ ಜೂನ್‌ನಲ್ಲಿ ಪರವಾನಗಿ ಷರತ್ತುಗಳಿಗೆ ತಿದ್ದುಪಡಿ ತಂದು ಅಂತರ್ಜಾಲ ದೂರವಾಣಿ ಸೇವೆಗೆ ದಾರಿ ಮಾಡಿಕೊಟ್ಟಿತು. ಹತ್ತಾರು ಸಿಮ್‌ಗಳನ್ನು ಒಂದು ಪೆಟ್ಟಿಗೆಗೆ ಹಾಕಿ ಅಗ್ಗದ ಕರೆ ನೀಡುತ್ತೇವೆ ಎನ್ನುವವರ ಸೇವೆ ಕಾನೂನುಬಾಹಿರ. ದರಪಟ್ಟಿ ಸಲ್ಲಿಸುವವರಿಂದ ಪರವಾನಗಿಯ ಪ್ರತಿಯನ್ನು, ಅಥವಾ ಪರವಾನಗಿದಾರರ ಅಧಿಕೃತ ಪ್ರತಿನಿಧಿ ಎಂಬ ಪತ್ರವನ್ನು ಕೇಳಿ ಪಡೆಯಬೇಕು.

ಐಪಿ ಫೋನ್‌ನ ಪಾಸ್‌ವರ್ಡ್ 1234 ಎಂಬಂತೆ ಸುಲಭವಾಗಿದ್ದರೆ, ದೂರದಲ್ಲಿರುವ ವಂಚಕರು ರಾತ್ರೋರಾತ್ರಿ ಅದರ ಮೂಲಕ ವಿದೇಶಕ್ಕೆ ಕರೆಗಳನ್ನು ಮಾಡಬಲ್ಲರು. ಬಿಲ್ ಪಂಚಾಯಿತಿಗೆ ಬರುತ್ತದೆ. ಐಎಸ್‌ಡಿ ಸೌಲಭ್ಯವನ್ನು ಸೇವಾದಾರರ ಮಟ್ಟದಲ್ಲಿಯೇ ಮುಚ್ಚಿಸುವುದು ಇದಕ್ಕೆ ಸರಳವಾದ ಪರಿಹಾರ. ಕರೆಗಳನ್ನು ಧ್ವನಿಮುದ್ರಿಸುವ ಸೌಲಭ್ಯವನ್ನು ಬಳಸುವುದಾದರೆ ಕರೆ ಮಾಡಿದವರಿಗೆ ಆ ವಿಷಯವನ್ನು ಮೊದಲೇ ತಿಳಿಸಬೇಕು.

ಸಿಬ್ಬಂದಿಗೆ ಹೇಳಿಕೊಡಬೇಕಾದ ಎರಡು ಚಿಕ್ಕ ಸಂಗತಿಗಳಿವೆ. 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಸಂಖ್ಯೆಯ ಮುಂದೆ 0 ಒತ್ತುವುದು ಕಡ್ಡಾಯವಾಗಿದೆ. ಇನ್ನೊಂದು, ತುರ್ತು ಸಂಖ್ಯೆ 112 ಅಥವಾ ಆಂಬುಲೆನ್ಸ್‌ನ 108ಕ್ಕೆ ಈ ದೂರವಾಣಿಯೊಂದನ್ನೇ ನೆಚ್ಚಬಾರದು. ವಿದ್ಯುತ್ ಅಥವಾ ಫೈಬರ್ ಇಲ್ಲದ ಹೊತ್ತಿನಲ್ಲಿ ಮೊಬೈಲ್ ಕೈಗೆಟಕುವಂತಿರಬೇಕು.

8. ಬಿಲ್ ಪಾವತಿಗೆ ಮುನ್ನ ಪರೀಕ್ಷೆ

ಅಳವಡಿಕೆಯಾದ ದಿನ ಒಂದು ಕರೆ ಮಾಡಿ ನೋಡಿ ಸಹಿ ಹಾಕುವುದು ಸಾಲದು. ಒಂದು ವಾರ ಬಳಸಿ, ಕೆಳಗಿನ ಪರೀಕ್ಷೆಗಳನ್ನು ಇಬ್ಬರು ಸದಸ್ಯರ ಸಮಕ್ಷಮ ನಡೆಸಿ, ಫಲಿತಾಂಶವನ್ನು ದಾಖಲಿಸಿದ ಬಳಿಕವೇ ಹಣ ಪಾವತಿಸುವುದು ಸೂಕ್ತ.

(1) ಬೇರೆ ಬೇರೆ ಕಂಪನಿಗಳ ಮೊಬೈಲ್‌ಗಳಿಂದ ಕಚೇರಿಗೆ ಕರೆ ಮಾಡಿ, ಎರಡೂ ಕಡೆ ಮಾತು ಕೇಳಿಸುತ್ತದೆಯೇ ನೋಡುವುದು. ಒಂದೇ ಕಡೆ ಕೇಳಿಸಿದರೆ ರೌಟರ್‌ನ ಸಿಪ್ ಎಎಲ್‌ಜಿ ಎಂಬ ಆಯ್ಕೆ ಕಾರಣವಾಗಿರಬಹುದು. ಅದನ್ನು ಆರಿಸಿ ನೋಡುವಂತೆ ತಂತ್ರಜ್ಞರಿಗೆ ಹೇಳಬೇಕು.

(2) ಬೆಳಿಗ್ಗೆ 11ರ ಸುಮಾರಿಗೆ ಎಲ್ಲ ಕಂಪ್ಯೂಟರ್‌ಗಳೂ ಕೆಲಸದಲ್ಲಿರುವಾಗ ಹತ್ತು ನಿಮಿಷ ಮಾತನಾಡುವುದು. ಮಾತು ತುಂಡಾದರೆ ಧ್ವನಿಯ ಆದ್ಯತೆ ಹೊಂದಿಸಿಲ್ಲವೆಂದು ತಿಳಿಯಬಹುದು.

(3) ಅರ್ಧ ದಿನ ಬಿಟ್ಟು ಹೊರಗಿನಿಂದ ಕರೆ ಮಾಡುವುದು. ಕಚೇರಿಯಿಂದ ಕರೆ ಹೋಗುತ್ತಿದ್ದು, ಹೊರಗಿನ ಕರೆಗೆ ಗಂಟೆ ಬಾರದಿದ್ದರೆ ಸರ್ವರ್‌ನಲ್ಲಿ ನೋಂದಣಿ ಕಳಚುತ್ತಿದೆ ಎಂದರ್ಥ.

(4) ಮೇನ್ ಸ್ವಿಚ್ ಆರಿಸಿ, ಬ್ಯಾಟರಿಯ ಮೇಲೆ ದೂರವಾಣಿ ಎಷ್ಟು ಹೊತ್ತು ನಡೆಯುತ್ತದೆ ಎಂದು ಗಡಿಯಾರ ಹಿಡಿದು ಅಳೆಯುವುದು.

(5) ಫೈಬರ್ ಪೆಟ್ಟಿಗೆಯನ್ನೇ ಆರಿಸಿ, ಕರೆಯು ನಿಗದಿತ ಮೊಬೈಲಿಗೆ ತಲುಪುತ್ತದೆಯೇ ಎಂದು ನೋಡುವುದು.

ನಾಲ್ಕು ಮತ್ತು ಐದನೆಯ ಪರೀಕ್ಷೆಗಳನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ, ಮುಂಗಾರಿಗೆ ಮುನ್ನ, ಮತ್ತೆ ನಡೆಸಬೇಕು.

9. ಸಾಮಾನ್ಯ ಸಭೆಯ ನಿರ್ಣಯದ ಮಾದರಿ

ವಿಷಯವನ್ನು ಸಭೆಯ ಮುಂದೆ ಮಂಡಿಸುವ ಪಂಚಾಯಿತಿಗಳು ಈ ಮಾದರಿಯನ್ನು ತಮ್ಮ ಸ್ಥಿತಿಗೆ ತಕ್ಕಂತೆ ಮಾರ್ಪಡಿಸಿಕೊಳ್ಳಬಹುದು:

“ಕಚೇರಿಗೆ ಅಂತರ್ಜಾಲ ಆಧಾರಿತ ಸ್ಥಿರ ದೂರವಾಣಿ ಪಡೆಯುವ ವಿಷಯವನ್ನು ಸಭೆಯು ಸವಿಸ್ತಾರವಾಗಿ ಚರ್ಚಿಸಿತು. ಗ್ರಾಮ ಪಂಚಾಯಿತಿಯ ಹೆಸರಿನಲ್ಲಿ, ಪರವಾನಗಿ ಹೊಂದಿದ ಸೇವಾದಾರರಿಂದ ಒಂದು ಸಂಪರ್ಕ ಪಡೆಯಲು, ಕನಿಷ್ಠ ನಾಲ್ಕು ಗಂಟೆ ಬಾಳುವ ಬ್ಯಾಟರಿ ವ್ಯವಸ್ಥೆ ಕಲ್ಪಿಸಲು, ಉತ್ತರವಿಲ್ಲದ ಕರೆಗಳು ಕಚೇರಿಯ ಮೊಬೈಲಿಗೆ ಹೋಗುವಂತೆ ಮಾಡಲು, ಖಾತೆಯ ವಿವರಗಳನ್ನು ಪ್ರಭಾರ ಹಸ್ತಾಂತರ ಪಟ್ಟಿಗೆ ಸೇರಿಸಲು ಹಾಗೂ ತಗಲುವ ವೆಚ್ಚವನ್ನು ಪಂಚಾಯಿತಿಯ ಸ್ವಂತ ಸಂಪನ್ಮೂಲದಿಂದ ಭರಿಸಲು ನಿರ್ಣಯಿಸಲಾಯಿತು.”

ಖರೀದಿಯಲ್ಲಿ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಹಾಗೂ ಅದರ ನಿಯಮಗಳನ್ನು ಪಾಲಿಸತಕ್ಕದ್ದು.

ಸಂಪರ್ಕ ಚಾಲನೆಗೊಂಡು ಪರೀಕ್ಷೆಗಳು ಮುಗಿದ ಮೇಲೆ ಸಂಖ್ಯೆಯನ್ನು ಎಸ್‌ಟಿಡಿ ಕೋಡ್ ಸಹಿತ ಕಚೇರಿಯ ಹೊರಗೋಡೆ, ಅಂಗನವಾಡಿ, ಶಾಲೆ, ನ್ಯಾಯಬೆಲೆ ಅಂಗಡಿ ಮತ್ತು ನೀರಿನ ಟ್ಯಾಂಕ್‌ಗಳ ಮೇಲೆ ಬರೆಸಬೇಕು. ತೆರಿಗೆ ಬೇಡಿಕೆ ನೋಟಿಸುಗಳಲ್ಲಿ ಮುದ್ರಿಸಬೇಕು, ಗ್ರಾಮ ಸಭೆ ಮತ್ತು ವಾರ್ಡ್ ಸಭೆಗಳಲ್ಲಿ ಓದಿ ಹೇಳಬೇಕು. ಹಿಂದೆ ಬರೆಸಿದ ಸ್ವಂತ ಮೊಬೈಲ್ ಸಂಖ್ಯೆಗಳನ್ನು ಅದೇ ದಿನ ಅಳಿಸಿಹಾಕತಕ್ಕದ್ದು.